ಎದುರಿನವರ ಕಣ್ಣಿಗೆ ಹೊಡೆಯುವುದಿಲ್ಲ

ಅವನು ಅವಳಿಗೆ ಆಡಿದ ಮೊದಲ ಮಾತೇ ಬೈಗುಳ.

ಸಂಜೆ ಇಳಿಯುತ್ತಿತ್ತು. ಗ್ಯಾರೇಜಿನ ಶೆಡ್ಡಿನಲ್ಲಿ ಹಳೆಯ ಕಾರೊಂದರ ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ, ಬಾಯಲ್ಲಿ ಟೆಸ್ಟರ್ ಕಚ್ಚಿಕೊಂಡು, ಇಲಿ ಕಡಿದ ವೈರಿನ ತುದಿ ಹುಡುಕುತ್ತಿದ್ದ. ಇದ್ದಕ್ಕಿದ್ದ ಹಾಗೆ ಮುಖದ ಮೇಲೆ ಬೆಳಕು ಬಿತ್ತು. ಬಿತ್ತು ಎಂದರೆ ಸುಳ್ಳಾದೀತು. ಸುಣ್ಣದ ನೀರನ್ನು ಬಕೆಟ್ಟಿನಲ್ಲಿ ತಂದು ಎರಚಿದಂತಾಯಿತು. ಗಡಬಡಿಸಿ ಏಳಲು ಹೋಗಿ ಸ್ಟೇರಿಂಗಿಗೆ ಹಣೆ ಚಚ್ಚಿಕೊಂಡ.

"ಯಾವನೋ ಅವನು! ಕಣ್ಣಿದೆಯೋ, ಮಾರ್ಕೊಂಡು ಬಂದಿದ್ದೀಯೋ? ಆರಿಸೋ ಲೈಟು!"

ಎಂಜಿನ್ ನಿಂತಿತು. ಲೈಟು ಆರಿತು. ಕಣ್ಣೊಳಗೆ ಈಜುತ್ತಿದ್ದ ಹಸಿರು ಚುಕ್ಕೆಗಳ ನಡುವಿನಿಂದ ಒಂದು ಬಿಳಿ ವ್ಯಾನು ಮೂಡಿತು. ಅದರಿಂದ ಒಬ್ಬಳು ಇಳಿದಳು.

"ಅವನಲ್ಲ, ಅವಳು," ಎಂದಳು. "ಕಣ್ಣು ಎರಡೂ ಇವೆ, ಇನ್ನೂ ಮಾರಿಲ್ಲ. ನಿಮ್ಮ ಹಣೆಗೆ ಏನಾಯ್ತು?"

ಅವನು ಹಣೆ ಉಜ್ಜಿಕೊಂಡ. ಕೈಯಲ್ಲಿದ್ದ ಗ್ರೀಸು ಹಣೆಗೂ ಬಂತು. ಅವಳ ತುಟಿಯ ಒಂದು ತುದಿ ಮಾತ್ರ ನಕ್ಕಿತು. ಇನ್ನೊಂದು ತುದಿ ಮರ್ಯಾದೆಯಿಂದ ಸುಮ್ಮನಿತ್ತು.

ಅವನನ್ನು ಎಲ್ಲರೂ ಫ್ಯೂಸ್ ಎಂದೇ ಕರೆಯುತ್ತಿದ್ದರು. ಅದು ಭಾವ ಇಟ್ಟ ಹೆಸರು. "ಇವನ ಮೇಲೆ ಸ್ವಲ್ಪ ಲೋಡ್ ಬಿದ್ರೆ ಸಾಕು, ಹಾರ್ತಾನೆ," ಎಂದು ಬಂದ ಗಿರಾಕಿಗೆಲ್ಲ ಪರಿಚಯ ಮಾಡಿಸುತ್ತಿದ್ದ. ಒಂಬತ್ತನೇ ಕ್ಲಾಸಿನಲ್ಲಿ ಮೇಷ್ಟರ ಮೇಲೆ ಹಾರಿ ಶಾಲೆ ಬಿಟ್ಟವನು, ಅಕ್ಕನನ್ನು ಕೊಟ್ಟ ಮನೆಯ ಗ್ಯಾರೇಜಿಗೆ ಬಂದು ಸೇರಿಕೊಂಡಿದ್ದ. ಭಾವ ಗಾಡಿಗಳ ಮೈಯ ತಗ್ಗು ಎತ್ತಿ ಪೇಂಟ್ ಹೊಡೆಯುತ್ತಿದ್ದ. ಫ್ಯೂಸ್ ವೈರಿಂಗ್ ನೋಡಿಕೊಳ್ಳುತ್ತಿದ್ದ. ಶೆಡ್ಡಿನ ಹಿಂದಿನ ಕೋಣೆ ಅವನದು: ಒಂದು ಮಂಚ, ಒಂದು ಕಿಟಕಿ, ಕಿಟಕಿಯಾಚೆ ಇನ್ನೊಬ್ಬರ ಗೋಡೆ.

"ವೈಪರ್ ಅರ್ಧಕ್ಕೇ ನಿಂತುಬಿಡುತ್ತೆ," ಎಂದಳು ಅವಳು.

"ವೈಪರ್ ಆಮೇಲೆ. ಮೊದಲು ಈ ಲೈಟು ಯಾರು ಹಾಕಿದ್ದು ಹೇಳಿ. ಅವನ ಕೈ ಮುರೀಬೇಕು."

"ನಾನೇ." ಎರಡು ಕೈಯನ್ನೂ ಮುಂದೆ ಚಾಚಿದಳು. "ಮುರೀರಿ."

ಕೈಗಳನ್ನು ನೋಡಿದ. ಬೆರಳ ಸಂದಿಯಲ್ಲಿ ಚರ್ಮ ಒಣಗಿ ಬಿರಿದಿತ್ತು. ಅದು ಸೋಪಿನ ಕೆಲಸವೆಂದು ಗೊತ್ತಾಯಿತು. ಅವಳದು ಲಾಂಡ್ರಿ ವ್ಯಾನು. ಊರಾಚೆಯ ದೊಡ್ಡ ಲಾಂಡ್ರಿಯಲ್ಲಿ ಒಗೆದು ಇಸ್ತ್ರಿ ಮಾಡಿದ ಬೆಡ್‌ಶೀಟು, ದಿಂಬಿನ ಕವರು, ಆಪರೇಷನ್ ಥಿಯೇಟರಿನ ಹಸಿರು ಬಟ್ಟೆಗಳನ್ನು ಹೆದ್ದಾರಿ ಹಿಡಿದು ಪಕ್ಕದ ಪಟ್ಟಣದ ಆಸ್ಪತ್ರೆಗಳಿಗೆ ಸಾಗಿಸುವವಳು. ಬೆಳಕು ಹರಿಯುವ ಮುಂಚೆ ತಲುಪಿಸಬೇಕು. ವ್ಯಾನಿನ ಬಾಗಿಲು ತೆರೆದಿದ್ದಕ್ಕೆ ಶೆಡ್ಡಿನ ಪೆಟ್ರೋಲು, ಪೇಂಟುಗಳ ನಡುವೆ ಬಿಸಿ ಬಟ್ಟೆಯ ವಾಸನೆ ಹರಡಿತ್ತು. ಯಾರೋ ಹಾಸಿಗೆ ಹಾಸಿ ಕರೆದ ಹಾಗೆ.

"ಚೆನ್ನಾಗಿರೋದನ್ನೇ ತರಿಸಿದ್ದು," ಎಂದು ಮೊಬೈಲ್ ಮುಂದೆ ಹಿಡಿದಳು. "ನೋಡಿ, ಐದು ಸ್ಟಾರು."

ಅವನು ಓದಿದ. ಓದುತ್ತ ಓದುತ್ತ ಕಿವಿ ಕೆಂಪಾದವು. ಈ ಪೇಜು ಅವನಿಗೆ ಹೊಸದಲ್ಲ; ಇದರ ಅಣ್ಣತಮ್ಮಂದಿರನ್ನೆಲ್ಲ ಬಲ್ಲ.

"ಇಪ್ಪತ್ತು ಸಾವಿರ ಲ್ಯೂಮೆನ್! ಇನ್ನೂರು ವ್ಯಾಟ್! ಎಲ್ಲ ಗಾಡಿಗೂ ಹೊಂದುತ್ತೆ! ಐವತ್ತು ಸಾವಿರ ಗಂಟೆ ಬಾಳಿಕೆ! ರೀ, ಇದನ್ನ ಬರೆದವನೇ ಅಷ್ಟು ದಿನ ಬಾಳಲ್ಲ. ಬಾನೆಟ್ ತೆಗೀರಿ."

ಲೈಟು ಹೊತ್ತಿಸಿ, ವೈರಿಗೆ ಮೀಟರ್ ಕಚ್ಚಿಸಿ ತೋರಿಸಿದ. ಇನ್ನೂರು ಎಂದು ಬರೆದ ಬಲ್ಬು ಇಪ್ಪತ್ತೆರಡು ವ್ಯಾಟ್ ಕುಡಿಯುತ್ತಿತ್ತು.

"ಮಿಕ್ಕಿದ್ದು ಎಲ್ಲಿ ಹೋಯ್ತು?" ಎಂದಳು.

"ಹುಟ್ಟಿದ್ದರೆ ತಾನೇ ಹೋಗೋಕೆ."

"ಮತ್ತೆ ನಿಮ್ಮ ಕಣ್ಣಿಗೆ ಅಷ್ಟು ಜೋರಾಗಿ ಹೊಡೀತಲ್ಲ?"

ಪ್ರಶ್ನೆ ಸರಿಯಾಗಿತ್ತು. ಅವನು ಶಟರ್ ಎಳೆದು ಶೆಡ್ಡನ್ನು ಕತ್ತಲೆ ಮಾಡಿದ. ವ್ಯಾನಿನ ಮೂತಿ ಹಿಂದಿನ ಗೋಡೆಯ ಕಡೆಗಿತ್ತು. ಗೋಡೆಯ ಮೇಲೆ ಸೊಂಟದೆತ್ತರಕ್ಕೆ ಒಂದು ಉದ್ದನೆಯ ಕಪ್ಪು ಟೇಪು. ಗಾಡಿಯ ಲೈಟುಗಳನ್ನು ಅವನು ಕೂರಿಸುತ್ತಿದ್ದುದು ಆ ಟೇಪಿನ ಅಳತೆಗೆ.

"ಡಿಪ್ ಹಾಕಿದಾಗ ಬೆಳಕು ಈ ಗೆರೆ ಕೆಳಗೇ ಇರಬೇಕು. ಎದುರಿನವನ ಕಾಲು ಕಾಣಬೇಕು, ಕಣ್ಣಿಗೆ ಹೊಡೀಬಾರದು. ಮಾಮೂಲಿ ಬಲ್ಬಲ್ಲಿ ಉರಿಯೋ ತಂತಿ ಎಲ್ಲಿರುತ್ತೋ ಅದಕ್ಕೆ ಸರಿಯಾಗಿ ಒಳಗಿನ ಕನ್ನಡಿ ಮಾಡಿರ್ತಾರೆ. ಈ ದರಿದ್ರದಲ್ಲಿ ಉರಿಯೋ ಎಲ್‌ಇಡಿ ಚಿಪ್ ಜಾಗ ಬಿಟ್ಟು ಕೂತಿದೆ. ನೋಡಿ, ಗೆರೆ ಎಲ್ಲಿ, ಬೆಳಕು ಎಲ್ಲಿ. ಸೂರಿಗೂ ಹೊಡೀತಿದೆ. ಇರೋದೇ ಒಂದು ಹಿಡಿ, ಅದನ್ನೂ ಊರೆಲ್ಲ ಚೆಲ್ಲಿದೆ."

ಅವಳು ಗೋಡೆ ನೋಡಿದಳು. ಮಾತಾಡುವ ಮುಂಚೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಕಣ್ಣು ಹಾಯಿಸುವುದು ಅವಳ ಚಾಳಿ. ಎಲ್ಲ ಮಾತನ್ನೂ ರಸ್ತೆ ದಾಟಿಸಿಯೇ ಆಡುವವಳ ಹಾಗೆ.

"ಎದುರಿನವರ ಕಣ್ಣಿಗೆ ಹೊಡೆಯುವುದಿಲ್ಲ ಅಂತ ಬರೆದಿದೆಯಲ್ಲ?"

"ಬರೆಯೋಕೇನು? ನಾನು ರಾಜ ಅಂತ ಬರೀತೀನಿ, ನಂಬ್ತೀರಾ?"

"ಅದಲ್ಲ. ನಿಜವಾಗ್ಲೂ ಹೊಡೀತಿದ್ದಿದ್ರೆ ಅವರೆಲ್ಲ ಹಾಗೆ ಮಾಡ್ತಿದ್ರಾ?"

"ಯಾರು? ಹೇಗೆ?"

ಅವಳ ಮುಖ ಆಗ ಮೃದುವಾಯಿತು. ಗುಟ್ಟು ಹೇಳುವ ಮಕ್ಕಳ ಮುಖ.

"ನಾನು ಈ ಕಡೆಗೆ ಬಂದು ಸ್ವಲ್ಪ ದಿನ ಆಯ್ತು. ಯಾರೂ ಗೊತ್ತಿಲ್ಲ. ಬೆಳಗ್ಗೆ ಎದ್ರೆ ವ್ಯಾನು, ಬಂದ್ರೆ ರೂಮು. ಆದ್ರೆ ರಸ್ತೆಲಿ ಮಾತ್ರ ಎದುರಿಗೆ ಬರೋ ಪ್ರತಿಯೊಬ್ಬರೂ ನನಗೆ ಲೈಟ್ ಹೊಡೆದು ಮಾತಾಡಿಸ್ತಾರೆ. ಲಾರಿಯೋರು, ಬಸ್ಸಿನೋರು, ಹಾಲಿನ ಗಾಡಿಯೋರು. ನಾನೂ ತಿರುಗಿ ಹೊಡೀತೀನಿ. ಅಪ್ಪ ಲಾರಿ ಓಡಿಸ್ತಿದ್ದಾಗ ಹೀಗೇ. ಗುರುತಿನೋರು ಸಿಕ್ಕಿದ್ರೆ ಲೈಟಲ್ಲೇ ನಮಸ್ಕಾರ. ಎಷ್ಟು ಒಳ್ಳೆ ಜನ ಈ ರಸ್ತೆದು ಅಂತ..."

ಫ್ಯೂಸ್ ನಕ್ಕುಬಿಟ್ಟ. ಹೊಟ್ಟೆ ಹಿಡಿದು, ಬಾನೆಟ್ಟಿಗೆ ಒರಗಿಕೊಂಡು ನಕ್ಕ.

"ರೀ! ಅದು ನಮಸ್ಕಾರ ಅಲ್ಲ. ಬೈಗುಳ! ಕಣ್ಣು ಕುಕ್ಕುತ್ತಿದೆ, ಇಳಿಸೋ ಲೈಟು ಅಂತ ನಿಮ್ಮ ಏಳು ತಲೆಮಾರನ್ನ ಎತ್ತಿ ಆಡ್ತಿದ್ದಾರೆ. ನೀವು ಅದಕ್ಕೆ ತಿರುಗಿ ಬೇರೆ ಹೊಡೆದ್ರಾ? ದೇವರೇ! ಇಡೀ ಹೆದ್ದಾರಿ ಬೈದಿದೆ ನಿಮ್ಮನ್ನ!"

"ಓ," ಎಂದಳು.

ಅಷ್ಟೇ. ಎಡಕ್ಕೂ ನೋಡಲಿಲ್ಲ, ಬಲಕ್ಕೂ ನೋಡಲಿಲ್ಲ.

ಅವನ ನಗು ಒಬ್ಬಂಟಿಯಾಗಿ ಸ್ವಲ್ಪ ದೂರ ಓಡಿ, ಯಾರೂ ಜೊತೆಗಿಲ್ಲ ಎಂದು ಗೊತ್ತಾಗಿ, ನಿಂತಿತು.

"ತೆಗೆದುಬಿಡಿ," ಎಂದಳು. "ಮಾಮೂಲಿದೇ ಹಾಕಿ."

ಹಾಕಿದ. ಗೋಡೆಯ ಮೇಲೆ ಹಳದಿ ಬೆಳಕು ಗೆರೆಯ ಕೆಳಗೆ ಬಂದು ತೆಪ್ಪಗೆ ಕೂತಿತು. ವೈಪರನ್ನೂ ಸರಿ ಮಾಡಿದ. ಅವಳು ಥ್ಯಾಂಕ್ಸ್ ಹೇಳಿ ಹೊರಟಾಗ, ಬಿಸಿ ಬಟ್ಟೆಯ ವಾಸನೆ ಮಾತ್ರ ಏನೋ ಮರೆತು ಹೋದವರಂತೆ ಸ್ವಲ್ಪ ಹೊತ್ತು ಶೆಡ್ಡಿನಲ್ಲೇ ಇತ್ತು.

ಒಳಗಿನಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದ ಅಕ್ಕ ಟೀ ತಂದವಳು ಲೋಟವನ್ನು ಕುಕ್ಕಿದಳು.

"ಬಲ್ಬ್ ಸರಿ ಇಲ್ಲ ಅಂತ ಹೇಳಿದ್ರೆ ಸಾಕಾಗಿತ್ತು. ಅವಳ ನಮಸ್ಕಾರ ಎಲ್ಲ ಯಾಕೋ ಕಿತ್ಕೊಂಡೆ?"

"ನಿಜ ಹೇಳಿದೆ."

"ನಿಜಾನೂ ಮುಖಕ್ಕೆ ಹೊಡೆದ್ರೆ ನೋವೇ ಆಗೋದು. ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರಲ್ಲ, ತಿಳ್ಕೋ."

"ನನಗೆ ಅವಳ ಮೇಲೆ ಕೋಪ ಇರಲಿಲ್ಲ."

"ನೀನು ಯಾರ ಮೇಲೆ ಕೋಪ ಮಾಡ್ತೀಯೋ, ಯಾರಿಗೆ ತಾಗುತ್ತೋ. ನಿನ್ನದೂ ಜಾಗ ತಪ್ಪಿದ ಬಲ್ಬೇ ಬಿಡು," ಎಂದು ಅಕ್ಕ ಸೆರಗು ಜಾಡಿಸಿ ಒಳಗೆ ಹೋದಳು.

ಊಟವಾದ ಮೇಲೆ ಫ್ಯೂಸ್‌ಗೆ ಒಂದು ಕೆಲಸವಿತ್ತು. ಮಂಚದ ಮೇಲೆ ಬೋರಲು ಮಲಗಿ, ಬಲ್ಬು ಮಾರುವವರ ಪೇಜುಗಳನ್ನು ಒಂದೊಂದಾಗಿ ತೆಗೆದು, ಪ್ರತಿಯೊಂದಕ್ಕೂ ಒಂದೇ ಸ್ಟಾರ್ ಕೊಟ್ಟು, ಕೆಳಗೆ ಬೆಂಕಿ ಕಾರುತ್ತಿದ್ದ. ಒಬ್ಬ ಎರಡು ಬಲ್ಬಿನ ಬೆಳಕನ್ನು ಕೂಡಿಸಿ ಒಂದರದೆಂದು ಬರೆದಿದ್ದ. ಇನ್ನೊಬ್ಬ ಒಂದೇ ಫೋಟೋವನ್ನು ಒಮ್ಮೆ ಮಸುಕು ಮಾಡಿ 'ಮೊದಲು', ಒಮ್ಮೆ ಬೆಳ್ಳಗೆ ಮಾಡಿ 'ನಂತರ' ಎಂದಿದ್ದ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಎಷ್ಟು ಸಲ ಬರೆದರೂ ಕುಡಿಯುವವರು ಕುಡಿಯುತ್ತಲೇ ಇದ್ದರು. ಗೆಳೆಯರು ಒಬ್ಬೊಬ್ಬರೇ ಮದುವೆಯಾಗಿ, ಕೆಲಸ ಹಿಡಿದು, ಫೋನ್ ಎತ್ತುವುದನ್ನು ಬಿಟ್ಟಿದ್ದರು. ಈ ಪೇಜುಗಳು ಮಾತ್ರ ತಪ್ಪದೆ ಉತ್ತರ ಕೊಡುತ್ತಿದ್ದವು: "ಪ್ರೀತಿಯ ಗ್ರಾಹಕರೇ, ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ. ನಿಮ್ಮ ಸಂತೋಷವೇ ನಮ್ಮ ಬೆಳಕು."

ಅದನ್ನು ಬರೆಯುವುದು ಮನುಷ್ಯನಲ್ಲ, ಯಂತ್ರ. ಅವನಿಗೂ ಗೊತ್ತಿತ್ತು. ಆದರೂ ಲೋಕದಲ್ಲಿ ಅವನನ್ನು 'ಪ್ರೀತಿಯ' ಎಂದು ಕರೆಯುತ್ತಿದ್ದದ್ದು ಅದೊಂದೇ.

ಆ ದಿನ ಅವಳ ಬಲ್ಬಿನ ಪೇಜು ತೆಗೆದ. ಬೈಯಲು ಕೈ ಬರಲಿಲ್ಲ. 'ಎದುರಿನವರ ಕಣ್ಣಿಗೆ ಹೊಡೆಯುವುದಿಲ್ಲ' ಎಂಬ ಸಾಲನ್ನು ನೋಡುತ್ತ ಮಲಗಿದ. ಯಾವನೋ ಒಬ್ಬ ಎಲ್ಲೋ ಕೂತು ಯೋಚನೆಯೇ ಇಲ್ಲದೆ ಬಡಿದ ಸಾಲು. ಆ ಸಾಲಿನ ಮೇಲೆ ಒಬ್ಬಳು ಒಂದು ರಸ್ತೆ ತುಂಬ ನೆಂಟರನ್ನು ಕಟ್ಟಿಕೊಂಡಿದ್ದಳು.

ಮುಂದಿನ ವಾರ ಅವಳು ಮತ್ತೆ ಬಂದಳು. ಲೈಟು ಆರಿಸಿಯೇ ಒಳಗೆ ಬಂದಳು.

"ಹಳೇ ಬಲ್ಬ್ ಇದೆಯಾ? ಆ ಸುಳ್ಳುಬುರುಕ ಬಲ್ಬು?"

"ಇದೆ. ಯಾಕೆ?"

"ವಾಪಸ್ ಹಾಕ್ತೀರಾ?"

ಅವನು ಬಾಯಿ ತೆರೆದ. ಬೈಗುಳ ನಾಲಿಗೆಯ ತುದಿಯವರೆಗೆ ಬಂದು, ಅವಳ ಮುಖ ನೋಡಿ, ಹಿಂದಕ್ಕೆ ಹೋಯಿತು.

"ಯಾರೂ ಹೊಡೀತಿಲ್ಲ," ಎಂದಳು. "ಒಬ್ಬರೂ. ಸುಮ್ಮನೆ ಬರ್ತಾರೆ, ಹೋಗ್ತಾರೆ. ರಸ್ತೆ ಎಷ್ಟು ಉದ್ದ ಆಗಿಬಿಟ್ಟಿದೆ ಗೊತ್ತಾ? ಬೈಗುಳ ಆದ್ರೂ ಪರವಾಗಿಲ್ಲ ಅನ್ನಿಸ್ತು."

"ಎದುರಿನವನು ಕಣ್ಣು ಕತ್ತಲೆ ಬಂದು ಹಳ್ಳಕ್ಕೆ ಇಳಿದ್ರೆ?"

"ಗೊತ್ತು. ನೀವು ಹಾಕಲ್ಲ ಅಂತಾನೂ ಗೊತ್ತು. ಕೇಳಿದೆ ಅಷ್ಟೇ. ಕೇಳೋಕೂ ಯಾರಾದ್ರೂ ಬೇಕಲ್ಲ."

ಅವನು ಒಂದು ಹಳೆಯ ಟೈರನ್ನು ಉರುಳಿಸಿ ತಂದು, ಮೇಲೆ ಶುಭ್ರವಾದ ಬಟ್ಟೆ ಹಾಸಿದ. ಇಡೀ ಗ್ಯಾರೇಜಿನಲ್ಲಿ ಅದೊಂದೇ ಶುಭ್ರವಾದ ಬಟ್ಟೆ. ಅವಳು ಕೂತಳು. ಅಕ್ಕ ಯಾರೂ ಹೇಳದೆ ಎರಡು ಲೋಟ ಟೀ ತಂದಿಟ್ಟು, ತಮ್ಮನ ಕಡೆ ಒಂದು ನೋಟ ಎಸೆದು ಹೋದಳು. 'ಈ ಸಲ ಬಾಯಿ ಬಿಗಿಹಿಡಿ' ಎಂಬುದೇ ಆ ನೋಟದ ಅರ್ಥ.

"ನಿಮ್ಮ ಅಪ್ಪ?" ಎಂದ.

"ಹೋದ್ರು. ಅಣ್ಣ ಮನೆ ಮಾರಿದ. ಅತ್ತಿಗೆ 'ನಿನಗೂ ಒಂದು ರೂಮು ಇದ್ದೇ ಇದೆ' ಅಂದ್ಲು. ಆ 'ಇದ್ದೇ ಇದೆ' ಅನ್ನೋದನ್ನ ಹೇಗೆ ಅಂದ್ಲು ಅಂದ್ರೆ, ಮಾರನೇ ದಿನ ಕೆಲಸ ಹುಡುಕಿಕೊಂಡು ಹೊರಟೆ." ಟೀ ಊದಿದಳು. "ನೀವು ಯಾಕೆ ಬಲ್ಬಿನ ಮೇಲೆ ಅಷ್ಟು ಸಿಟ್ಟು ಮಾಡ್ತೀರಿ?"

"ಸುಳ್ಳು ಅಲ್ವಾ."

"ಲೋಕದಲ್ಲಿ ಎಷ್ಟೋ ಸುಳ್ಳಿದೆ."

"ಇದನ್ನ ಅಳೆಯೋಕಾಗುತ್ತೆ. ಮೀಟರ್ ಇಟ್ಟು, ನೋಡು, ನೀನು ಸುಳ್ಳ ಅಂತ ತೋರಿಸಬಹುದು. ಮಿಕ್ಕಿದ್ದಕ್ಕೆ ಎಲ್ಲಿಂದ ಮೀಟರ್ ತರಲಿ?"

ಅವಳು ಲೋಟದ ಅಂಚಿನ ಮೇಲಿನಿಂದ ಅವನನ್ನು ನೋಡಿದಳು. ಎಡಕ್ಕೆ ನೋಡಲಿಲ್ಲ, ಬಲಕ್ಕೆ ನೋಡಲಿಲ್ಲ, ನೇರ ನೋಡಿದಳು. ಅವನು ಆ ನೋಟವನ್ನು ಎಲ್ಲಿಡಬೇಕೆಂದು ತೋಚದೆ ಸ್ಪ್ಯಾನರನ್ನು ಎತ್ತಿ ಸ್ಕ್ರೂಡ್ರೈವರ್ ಡಬ್ಬಕ್ಕೆ ಹಾಕಿದ.

ಆಮೇಲೆ ವ್ಯಾನಿಗೆ ರೋಗಗಳು ಶುರುವಾದವು. ಒಂದು ದಿನ ಹಾರ್ನ್ ಸಣ್ಣಗೆ ಕೇಳುತ್ತದೆ ಎಂದಳು. ಇನ್ನೊಂದು ದಿನ ದಪ್ಪಗೆ ಕೇಳುತ್ತದೆ ಎಂದಳು. ಭಾವ ಒಂದು ಕಾರಿನ ಡೋರಿಗೆ ಸ್ಯಾಂಡ್‌ಪೇಪರ್ ತಿಕ್ಕುತ್ತ, "ಈ ವ್ಯಾನಿಗೆ ಒಂದೂ ಕಾಯಿಲೆ ಇಲ್ಲ, ಆದ್ರೆ ಡಾಕ್ಟರ್ ಬದಲಾಯಿಸೋ ಹಾಗೂ ಇಲ್ಲ," ಎಂದ. ಫ್ಯೂಸ್ ಹಾರಲಿಲ್ಲ. ಭಾವ ತಿಕ್ಕುವುದನ್ನು ನಿಲ್ಲಿಸಿ ಹೆಂಡತಿಯ ಮುಖ ನೋಡಿದ.

"ನಿಮ್ಮನ್ನ ಎಲ್ಲರೂ ಫ್ಯೂಸ್ ಅಂತಾರೆ. ನಾನೂ ಹಾಗೇ ಅನ್ನಲಾ?" ಎಂದು ಒಂದು ಸಂಜೆ ಕೇಳಿದಳು.

"ಬೇಡ."

"ಮತ್ತೆ?"

"ಏನೂ ಅನ್ನಬೇಡಿ. ಬಂದ್ರೆ ಗೊತ್ತಾಗುತ್ತೆ."

"ಹೇಗೆ?"

"ಇಸ್ತ್ರಿ ವಾಸನೆ."

ಅವಳು ತನ್ನ ತೋಳನ್ನು ತಾನೇ ಮೂಸಿ ನೋಡಿಕೊಂಡಳು. ಕಿವಿಯ ಹಿಂದೆ ಕೂದಲು ಸಿಕ್ಕಿಸಿ, ಬೇಡದ ಕಡೆಯೆಲ್ಲ ನೋಡಿ, "ಹೊತ್ತಾಯ್ತು," ಎಂದಳು. ಹೊತ್ತೇನೂ ಆಗಿರಲಿಲ್ಲ.

ಆದರೂ ಅವಳು ಹೋದ ಮೇಲೆ ಅವನಿಗೆ ಆ ರಸ್ತೆಯೇ ಕಣ್ಣಿಗೆ ಕಟ್ಟುತ್ತಿತ್ತು. ಸುಮ್ಮನೆ ಬಂದು ಸುಮ್ಮನೆ ಹೋಗುವ ಗಾಡಿಗಳು. ತಾನೇ ಮೌನ ಮಾಡಿದ ರಸ್ತೆ. ಒಂದು ದಿನ ಮುಂಜಾನೆ ಭಾವನ ಪಿಕಪ್ಪು ತೆಗೆದುಕೊಂಡು ಹೊರಟ. ನೀರಿನ ಟ್ಯಾಂಕಿನ ಪಕ್ಕದ ನೇರ ರಸ್ತೆಯಲ್ಲಿ ಅವಳ ಎದುರಿಗೆ ಬಂದ. ದೂರದಲ್ಲಿ ಹಳದಿ ಲೈಟು, ಗೆರೆ ದಾಟದ ಲೈಟು, ತಾನೇ ಕೂರಿಸಿದ ಲೈಟು. ಗುರುತು ಹಿಡಿದ. ಎರಡು ಸಲ ಲೈಟು ಹೊಡೆದ.

ಕನ್ನಡಿಯಲ್ಲಿ ಅವಳ ಬ್ರೇಕ್ ಲೈಟು ಕೆಂಪಗೆ ಅರಳಿದ್ದನ್ನು ನೋಡಿದ. 'ಖುಷಿಯಾಗಿ ನಿಲ್ಲಿಸಿದ್ದಾಳೆ' ಎಂದುಕೊಂಡ. ಆ ದಿನವೆಲ್ಲ ಸಿಳ್ಳೆ ಹಾಕುತ್ತ ಕೆಲಸ ಮಾಡಿದ. ಅಕ್ಕ ಅವನ ಹಣೆ ಮುಟ್ಟಿ ಜ್ವರವಿದೆಯೇ ನೋಡಿದಳು.

ಸಂಜೆ ವ್ಯಾನು ಬಂದು ನಿಂತ ರೀತಿಯಲ್ಲೇ ಏನೋ ಸರಿಯಿಲ್ಲ ಎಂದು ಗೊತ್ತಾಯಿತು.

"ನೀವು ಕೂರಿಸಿದ್ದು ಸರಿ ಇಲ್ಲ," ಎಂದಳು. ದನಿ ಒಣಗಿತ್ತು. "ಬೆಳಗ್ಗೆ ಟ್ಯಾಂಕ್ ಹತ್ರ ಒಬ್ಬ ಲೈಟ್ ಹೊಡೆದ. ಎರಡು ಸಲ. ಎದೆ ಧಸಕ್ ಅಂತು. ಮತ್ತೆ ಯಾರ ಕಣ್ಣಿಗೋ ಹೊಡೀತಿದ್ದೀನಿ ಅಂತ. ಇಳಿದು ಲೈಟ್ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಿದೆ, ಏನೂ ತಿಳೀಲಿಲ್ಲ. ಆಮೇಲೆ ದಾರಿ ಎಲ್ಲ ಪಾರ್ಕಿಂಗ್ ಲೈಟಲ್ಲೇ ಬಸವನ ಹುಳದ ಹಾಗೆ ಹೋದೆ. ಥಿಯೇಟರ್ ಬಟ್ಟೆ ತಡ ಆಯ್ತು. ಯಾರದೋ ಆಪರೇಷನ್ ಮುಂದಕ್ಕೆ ಹೋಯ್ತು. ಸೂಪರ್‌ವೈಸರ್ ಎಲ್ಲರ ಎದುರಿಗೆ ಅಂದ, ಇನ್ನೊಂದ್ಸಲ ತಡ ಆದ್ರೆ ಕೀ ಇಟ್ಟು ಹೋಗ್ತಾ ಇರು ಅಂತ."

ಲೈಟು ಹೊಡೆದರೆ ಬೈಗುಳ ಎಂದು ಅವಳಿಗೆ ಕಲಿಸಿದವನು ಯಾರು? ತಾನೇ. ಕಲಿಸಿದ ಪಾಠವನ್ನು ಮರೆತು ನಮಸ್ಕಾರ ಹೇಳಲು ಹೋದವನು ಯಾರು? ಅವನೂ ತಾನೇ.

ಹೇಳಬೇಕಿತ್ತು. ಹೇಳಲಿಲ್ಲ. ಶಟರ್ ಎಳೆದ. ಗೋಡೆಯ ಮೇಲೆ ಬೆಳಕು ಕೂದಲೆಳೆಯಷ್ಟೂ ಅಲುಗದೆ ಗೆರೆಯ ಕೆಳಗೇ ಇತ್ತು. ಅವನು ಬಗ್ಗಿ ಸ್ಕ್ರೂ ಒಂದು ಸುತ್ತು ತಿರುವಿದ. ಅಷ್ಟನ್ನೇ ಹಿಂದಕ್ಕೆ ತಿರುವಿದ.

"ಸ್ವಲ್ಪ ಮೇಲಿತ್ತು," ಎಂದ. "ಸರಿ ಮಾಡಿದೆ."

ಅವಳು ಉಸಿರು ಬಿಟ್ಟಳು. ವ್ಯಾನಿಗೆ ಒರಗಿ ಕಣ್ಣು ಮುಚ್ಚಿ, ದಿನವಿಡೀ ಹೊತ್ತ ಭಾರವನ್ನು ಇಳಿಸಿದಳು.

"ಪುಣ್ಯ. ಈ ಊರಲ್ಲಿ ಸುಳ್ಳು ಹೇಳದೆ ಮಾತಾಡೋರು ಅಂದ್ರೆ ನೀವೊಬ್ಬರೇ. ಕಹಿಯಾಗಿ ಹೇಳ್ತೀರಿ. ಆದ್ರೆ ನಂಬಬಹುದು."

ಐದು ಸ್ಟಾರು. ಅವಳು ಅವನಿಗೆ ಐದಕ್ಕೆ ಐದೂ ಸ್ಟಾರು ಕೊಟ್ಟಳು. ಇಷ್ಟು ದಿನ ಯಾರ ಮೇಲೆ ಬೆಂಕಿ ಕಾರುತ್ತಿದ್ದನೋ ಆ ಸುಳ್ಳುಗಾರ ಈಗ ಅವನದೇ ಅಂಗಿ ಹಾಕಿಕೊಂಡು ಅವನದೇ ಗೋಡೆಯ ಮುಂದೆ ನಿಂತಿದ್ದ.

"ಸುಳ್ಳು," ಎಂದ.

"ಏನು?"

"ಲೈಟು ಸರಿಯಾಗೇ ಇತ್ತು. ಈಗ ಸುಮ್ಮನೆ ತಿರುವಿದ ಹಾಗೆ ಮಾಡಿದೆ. ಬೆಳಗ್ಗೆ ಹೊಡೆದವನು ನಾನು."

ಅವಳು ವ್ಯಾನಿನಿಂದ ಬೆನ್ನು ಎತ್ತಿ ನೆಟ್ಟಗೆ ನಿಂತಳು.

"ಯಾಕೆ?"

"ನಮಸ್ಕಾರ ಹೇಳೋಣ ಅಂತ." ನೆಲ ನೋಡುತ್ತ ಹೇಳಿದ. "ರಸ್ತೆ ಉದ್ದ ಆಯ್ತು ಅಂದ್ರಲ್ಲ, ಅದಕ್ಕೆ. ಬೈಗುಳ ಅಲ್ಲ. ನಿಜವಾದ ನಮಸ್ಕಾರ."

ಅವಳು ಮುಖ ಆಚೆ ತಿರುಗಿಸಿದಳು. ಅತ್ತಳೋ ನಕ್ಕಳೋ ಕತ್ತಲಲ್ಲಿ ತಿಳಿಯಲಿಲ್ಲ. ಲೈಟಿನ ಬೆಳಕು ಇಬ್ಬರ ಮೊಣಕಾಲಿನವರೆಗೆ ಮಾತ್ರ ಇತ್ತು.

"ನನ್ನ ಕೆಲಸ ಹೋಗ್ತಿತ್ತು," ಎಂದಳು.

"ಗೊತ್ತು."

"ಇಷ್ಟು ದಿನ ಲೈಟನ್ನ ನಂಬಿ ಮೋಸ ಹೋದೆ. ಹೊಡೆದವರು ಯಾರು, ಅವರ ಮುಖ ಹೇಗಿದೆ, ಏನು ಅಂದ್ಕೊಂಡ್ರು, ಒಂದೂ ಗೊತ್ತಿಲ್ಲ. ಲೈಟಿನ ಹಿಂದೆ ಕೂತೋರ ಮುಖ ಕಾಣಲ್ಲ. ನೀವೂ ಅಲ್ಲೇ ಹೋಗಿ ಕೂತ್ರಾ? ಬೈಯೋಕೆ ಬಾಯಿದೆ ನಿಮಗೆ. ಇದಕ್ಕೆ ಮಾತ್ರ ಲೈಟ್ ಬೇಕಾಯ್ತಾ?"

ಶಟರನ್ನು ಅವಳೇ ಎತ್ತಿದಳು. ವ್ಯಾನು ಹಿಂದಕ್ಕೆ ಸರಿದು ಹೋಯಿತು.

ಅದಾದ ಮೇಲೆ ವ್ಯಾನಿಗೆ ಯಾವ ರೋಗವೂ ಬರಲಿಲ್ಲ.

ಸಂಜೆಗಳು ಬಂದವು, ಹೋದವು. ಗೇಟಿನಲ್ಲಿ ಗಾಡಿ ನಿಂತ ಸದ್ದಾದರೆ ಅವನ ಕೈ ನಿಲ್ಲುತ್ತಿತ್ತು. ಬೇರೆ ಯಾರೋ ಇಳಿಯುತ್ತಿದ್ದರು. ಟೈರಿನ ಮೇಲಿನ ಬಟ್ಟೆಗೆ ಧೂಳು ಹಿಡಿಯಿತು, ಅವನು ತೆಗೆಯಲಿಲ್ಲ. ಭಾವ ಅದರ ಮೇಲೆ ಕೂರಲು ಹೋದಾಗ ಮಾತ್ರ ಫ್ಯೂಸ್ ಹಾರಿದ. ಭಾವ ಕೈ ಮುಗಿದು ನೆಲದ ಮೇಲೆ ಕೂತ.

ಊಟದ ಮೇಲೆ ಪೇಜುಗಳನ್ನು ತೆರೆಯಲಿಲ್ಲ. ಕಿಟಕಿಯಾಚೆಯ ಗೋಡೆ ನೋಡುತ್ತ ಮಲಗಿದ. ಆಡಲು ಬಾರದ ಮಾತು ಎದೆಯೊಳಗೆ ಮಗ್ಗುಲು ಬದಲಿಸುತ್ತಿತ್ತು. ಬೈಗುಳವಾದರೆ ಎಷ್ಟು ಸಲೀಸು! ಹಿಂದಿನಿಂದ ತಳ್ಳಿದರೆ ಸಾಕು, ಇಳಿಜಾರಿನ ಗಾಡಿಯ ಹಾಗೆ ತಾನೇ ಓಡುತ್ತದೆ. ಇದು ಏರು.

"ಅವಳ ಲಾಂಡ್ರಿ ಗೊತ್ತಿದೆಯಲ್ಲ, ಹೋಗಿ ಮಾತಾಡೋ," ಎಂದಳು ಅಕ್ಕ.

"ಸೂಪರ್‌ವೈಸರಿಂದ ಅವಳಿಗೆ ಮತ್ತೆ ಮಾತು ಕೇಳಿಸಲಾ?"

"ಮತ್ತೆ ಏನು ಮಾಡ್ತೀಯ?"

"ನನ್ನಿಂದ ಅವಳಿಗೆ ಒಂದು ಕ್ಷಣಾನೂ ತಡ ಆಗಬಾರದು. ಆದ್ರೆ ನಾನು ಅವಳಿಗೆ ಕಾಣಬೇಕು."

ಅಕ್ಕ ತಮ್ಮನನ್ನು ನೋಡಿದಳು. ಗೂಟಕ್ಕೆ ತಗುಲಿಸಿದ್ದ ಪಿಕಪ್ಪಿನ ಕೀ ತೆಗೆದು ಅವನ ಕೈಯಲ್ಲಿಟ್ಟಳು. "ಹಾಗಾದ್ರೆ ಲೈಟಿನ ಸ್ವಿಚ್ಚಿನ ಹತ್ರ ಕೈ ಒಯ್ಯಬೇಡ," ಎಂದಳು.

ಮುಂಜಾನೆ ಟ್ಯಾಂಕಿನ ಹಿಂದೆ ಪಿಕಪ್ಪು ನಿಲ್ಲಿಸಿ, ಲೈಟು ಆರಿಸಿ, ನಡೆದು ಬಂದ. ಅವಳು ಬರುವ ಬದಿಯಲ್ಲಿ ನಿಂತರೆ ಹೆದರಿಯಾಳು ಎಂದು ಎದುರು ಬದಿಯ ಅಂಚಿನಲ್ಲಿ ನಿಂತ. ಇಬ್ಬನಿ ಬಿದ್ದ ಹುಲ್ಲು ಪ್ಯಾಂಟನ್ನು ಒದ್ದೆ ಮಾಡಿತು. ಒಂದು ಲಾರಿ ಹೋಯಿತು. ಒಂದು ಬಸ್ಸು ಹೋಯಿತು. ಯಾರೂ ಯಾರಿಗೂ ಏನೂ ಹೇಳಲಿಲ್ಲ. ಗಾಡಿಗಳ ನಡುವೆ ರಸ್ತೆ ಎಷ್ಟು ಸುಮ್ಮನಿರುತ್ತದೆ ಎಂದು ಅವನಿಗೆ ಆವತ್ತು ಕಿವಿಯಾರೆ ತಿಳಿಯಿತು. ಇದರಲ್ಲಿ ಅವಳು ದಿನಾ ಹೋಗುತ್ತಾಳೆ.

ಆಮೇಲೆ ಆ ಹಳದಿ ಲೈಟು.

ಹತ್ತಿರ ಬಂತು. ಅವನ ಬೂಟಿನ ಮೇಲೆ ಬಿತ್ತು. ಮೊಣಕಾಲಿಗೆ ಏರಿತು. ಸೊಂಟದ ಹತ್ತಿರ ಬಂದು ನಿಂತಿತು.

ಅದು ಅಲ್ಲಿಗೇ ನಿಲ್ಲಬೇಕು. ಅವನೇ ಹಾಗೆ ಕೂರಿಸಿದ್ದ. ಎದುರಿನವನ ಕಾಲು ಕಾಣಬೇಕು, ಕಣ್ಣಿಗೆ ಹೊಡೆಯಬಾರದು. ವ್ಯಾನಿನೊಳಗಿರುವವಳಿಗೆ ಈಗ ಕಾಣುತ್ತಿರುವುದು ತಲೆಯಿಲ್ಲದ ಯಾವನದೋ ಎರಡು ಕಾಲು. ಇನ್ನು ಎರಡು ಉಸಿರಿನಲ್ಲಿ ಅವಳು ದಾಟಿಹೋಗುತ್ತಾಳೆ, ಕಾಲಷ್ಟೇ ನೋಡಿ.

ಅವನು ಕೂತುಬಿಟ್ಟ.

ಮೇಷ್ಟರ ಮುಂದೆ ಕೂರದವನು, ಯಾರ ಮುಂದೆಯೂ ಬಗ್ಗದವನು, ಹೆದ್ದಾರಿಯ ಅಂಚಿನಲ್ಲಿ ಎರಡೂ ಮೊಣಕಾಲೂರಿ ಕೂತು ಮುಖವನ್ನು ಬೆಳಕಿನೊಳಗೆ ಇಟ್ಟ. ಕಣ್ಣು ಕುಕ್ಕಿತು. ನೀರು ಬಂತು. ಮುಚ್ಚಲಿಲ್ಲ. ಬರಿಯ ಕೈಯೊಂದನ್ನು ಎತ್ತಿದ. ಇಷ್ಟು ದಿನ ಬಾರದ ಮಾತು ಬಾಯಿಗೆ ಬಂತು, ಕೂಗಾಗಿ ಅಲ್ಲ, ಪಕ್ಕದಲ್ಲಿ ಕೂತವಳಿಗೆ ಹೇಳುವಷ್ಟು ಮೆಲ್ಲಗೆ.

"ನೀವು ಬರೋ ದಾರಿ ಕಾಯ್ತಾ ಇರ್ತೀನಿ. ದಿನಾ. ನನಗೆ ನೀವು ಬೇಕು."

ವ್ಯಾನಿನ ಸದ್ದಿನಲ್ಲಿ ಅದು ಅವನಿಗೇ ಕೇಳಿಸಲಿಲ್ಲ.

ವ್ಯಾನು ನಿಲ್ಲಲಿಲ್ಲ. ನಿಲ್ಲುವ ಹಾಗಿರಲಿಲ್ಲ, ಹಿಂದೆ ಹಸಿರು ಬಟ್ಟೆಗಳಿದ್ದವು, ಎಲ್ಲೋ ಒಬ್ಬರು ಹೊಟ್ಟೆಗೆ ಏನೂ ಹಾಕದೆ ಮಲಗಿ ಕಾಯುತ್ತಿದ್ದರು. ಬ್ರೇಕ್ ಮುಟ್ಟಿದ ಸದ್ದೂ ಇಲ್ಲ. ಲೈಟು ಅವನ ಮುಖದಿಂದ ಜಾರಿ ಹುಲ್ಲಿನ ಮೇಲೆ ಹೋಯಿತು. ಮತ್ತೆ ಕತ್ತಲೆ. ಅವನ ಎತ್ತಿದ ಕೈ ಇಳಿಯತೊಡಗಿತ್ತು.

ಆಗ ಅವನ ನೇರಕ್ಕೆ ಬಂದ ವ್ಯಾನಿನೊಳಗೆ, ಡ್ರೈವರಿನ ತಲೆಯ ಮೇಲೆ, ಕ್ಯಾಬಿನ್ ಲೈಟು ಹತ್ತಿತು.

ಚಿಕ್ಕದು, ಮಾಸಲು ಹಳದಿ, ಯಾವ ಪೇಜಿನಲ್ಲೂ ಯಾರೂ ಹೊಗಳದ ದೀಪ. ಅದರ ಕೆಳಗೆ ಅವಳು. ಕಿಟಕಿಯ ಕಡೆಗೆ, ಅವನ ಕಡೆಗೆ, ಒಂದು ಕ್ಷಣ ಪೂರ್ತಿ ತಿರುಗಿದ ಮುಖ. ಕಣ್ಣು ಒದ್ದೆ. ತುಟಿಯ ಎರಡೂ ತುದಿ ನಗುತ್ತಿದ್ದವು. ಬಾಯಿ ಏನೋ ಹೇಳಿತು. ಗಾಜಿನಾಚೆ ಅದೂ ಕೇಳಿಸಲಿಲ್ಲ.

ಬಿಸಿ ಬಟ್ಟೆಯ ವಾಸನೆಯ ಗಾಳಿಯೊಂದು ಅವನ ಮುಖ ಸವರಿ ಹೋಯಿತು. ಅವನು ಏಳಲಿಲ್ಲ. ವ್ಯಾನು ಹೊತ್ತಿಗೆ ಸರಿಯಾಗಿ, ಒಂದೇ ವೇಗದಲ್ಲಿ ಹೋಗುತ್ತಿತ್ತು. ದೂರದ ತಿರುವಿನಲ್ಲಿ ಅದು ಮಗ್ಗುಲು ತೋರಿಸಿದಾಗ, ಕಿಟಕಿಯ ಆ ಪುಟ್ಟ ಹಳದಿ ಚೌಕ ಇನ್ನೂ ಆರಿರಲಿಲ್ಲ.